ಬಲಗೆನ್ನೆಯ ಮಚ್ಚೆ

ಆ ದಿನ ಬೆಳಿಗ್ಗೆ ಮೋಡ ಕವಿದಿತ್ತು, ಮಳೆ ಮಾತ್ರ ಬರುವ ಮನಸ್ಸು ಮಾಡಿರಲಿಲ್ಲ. ಹಿಂಜಿ ಹರವಿದ ಹತ್ತಿಯಂಥ ಆಕಾಶದಿಂದ ಬೆಳಕು ಸೋಸಿ ಇಳಿಯುತ್ತಿತ್ತು. ಬೀದಿಯಲ್ಲಿ ಯಾರ ಮುಖದ ಮೇಲೂ ಗಡಸು ನೆರಳಿಲ್ಲ. ಫೋಟೋ ತೆಗೆಯುವವರಿಗೆ ದೇವರು ಅಪರೂಪಕ್ಕೆ ದಯಪಾಲಿಸುವ ಬೆಳಕು ಅದು. ಅಂಥ ದಿನ ಸ್ಟುಡಿಯೋಗೆ ಬೀಗ ಹಾಕುವುದೆಂದರೆ ಹಸಿದವನು ಊಟದ ಮುಂದಿನಿಂದ ಎದ್ದ ಹಾಗೆ. ಆದರೂ ಫ್ಲ್ಯಾಶಮ್ಮ ಬೀಗ ಹಾಕಿದಳು.

ಆ ಹೆಸರು ಅವಳಿಗೆ ಕ್ಯಾಮೆರಾದಿಂದ ಬಂದದ್ದೆಂದು ಹೊಸಬರು ತಿಳಿಯುತ್ತಿದ್ದರು. ಬೀದಿಯವರಿಗೆ ಗೊತ್ತಿತ್ತು, ಅದು ಬಂದದ್ದು ಅವಳ ಮೂಗಿನ ತುದಿಯ ಸಿಟ್ಟಿನಿಂದ.

ಆ ದಿನ ಊರಿನಲ್ಲಿ, ಮನುಷ್ಯರ ಮುಖಗಳನ್ನೇ ಬರೆದು ಹೆಸರಾದ ಒಬ್ಬ ಚಿತ್ರಕಾರನ ಪ್ರದರ್ಶನವಿತ್ತು. ಅವನನ್ನು ಅವಳು ಎದುರಿಗೆ ಕಂಡವಳೇ ಅಲ್ಲ. ಆದರೆ ಫೋಟೋ ತೊಳೆಯುವ ಅವಳ ಕತ್ತಲೆಕೋಣೆಯ ಗೋಡೆಯ ತುಂಬ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ ಅವನ ಚಿತ್ರಗಳೇ. ಬಸ್ಸಿನ ಕಂಡಕ್ಟರು, ಚಪ್ಪಲಿ ಹೊಲಿಯುವವನು, ನ್ಯಾಯಾಧೀಶರು, ಎಲ್ಲರನ್ನೂ ಅವನು ಒಂದೇ ಅಳತೆಯಲ್ಲಿ, ಒಂದೇ ಮರ್ಯಾದೆಯಲ್ಲಿ ಬರೆಯುತ್ತಿದ್ದ. ಕೆಳತುಟಿಯ ಅಡಿಯ ನೆರಳಿನಲ್ಲಿ ಮನುಷ್ಯನ ಅರ್ಧ ಆಯುಷ್ಯ ಕೂತಿರುತ್ತದೆ ಎಂಬುದನ್ನು ಅವಳು ಕಲಿತದ್ದು ಅವನ ಚಿತ್ರ ನೋಡಿ. ದೀಪವನ್ನು ಎಲ್ಲಿ ಇಡಬೇಕೆಂದು ತೋಚದಾಗ ಆ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಕೆಲವರು ದೇವರ ಮುಂದೆ ನಿಲ್ಲುವುದಿಲ್ಲವೇ, ಹಾಗೆ.

"ಚಿಕ್ಕಮ್ಮಾ, ಬೇಗ ಹೊರಡು. ನಾನು ಹೇಳ್ತಾ ಇರ್ತೀನಲ್ಲ, ಅವರ ಚಿತ್ರ ನೋಡೋಣ ಬಾ."

"ಕಂಡೋರ ಮುಖ ನೋಡೋಕೆ ಈ ಮುದುಕೀನೇ ಕರ್ಕೊಂಡು ಹೋಗ್ಬೇಕಾ?" ಎಂದಳು ಚಿಕ್ಕಮ್ಮ. ಆಸ್ಪತ್ರೆಯ ಹೊದಿಕೆಗಳನ್ನು ಒಗೆದೊಗೆದು ಬೆರಳಿನ ಗೆರೆಗಳೇ ಅಳಿಸಿಹೋಗಿದ್ದ ಹೆಂಗಸು. ತಾಯಿಯಿಲ್ಲದ ಫ್ಲ್ಯಾಶಮ್ಮನನ್ನು ಸಾಕಿದ ಕೈಗಳು ಅವೇ.

ಸಭಾಂಗಣದ ಒಳಗೆ ಕಾಲಿಟ್ಟೊಡನೆ ಎದುರು ಗೋಡೆಯಲ್ಲಿ ಆಳೆತ್ತರದ ಮುಖವೊಂದಿತ್ತು. ಫ್ಲ್ಯಾಶಮ್ಮ ನಿಂತಲ್ಲೇ ನಿಂತಳು. ಅದು ಚಿಕ್ಕಮ್ಮನ ಮುಖ.

ಮೊದಲು ಖುಷಿಯೇ ಆಯಿತು. ಆಮೇಲೆ ಮಚ್ಚೆ ಕಣ್ಣಿಗೆ ಬಿತ್ತು. ಚಿಕ್ಕಮ್ಮನಿಗೆ ಮಚ್ಚೆಯಿರುವುದು ಎಡಗೆನ್ನೆಯಲ್ಲಿ. ಚಿತ್ರದಲ್ಲಿ ಅದು ಬಲಗೆನ್ನೆಯಲ್ಲಿತ್ತು.

ಲೋಕದಲ್ಲಿ ಆ ಮಚ್ಚೆ ಬಲಗೆನ್ನೆಗೆ ಬಂದದ್ದು ಒಂದೇ ಕಡೆ: ಅವಳ ಸ್ಟುಡಿಯೋದ ಷೋಕೇಸಿನಲ್ಲಿ. ಹಿಂದೊಮ್ಮೆ ಪ್ರಿಂಟ್ ಹಾಕುವಾಗ ಅವಳು ಕೈತಪ್ಪಿ ನೆಗೆಟಿವನ್ನು ಮಗುಚಿ ಇಟ್ಟಿದ್ದಳು. ಎಡದ್ದು ಬಲಕ್ಕೆ ಬಂತು. ಹರಿದು ಹಾಕಬೇಕೆಂದಿದ್ದಾಗ ಚಿಕ್ಕಮ್ಮ ಒದ್ದೆ ಪ್ರಿಂಟನ್ನು ಇಣುಕಿ ನೋಡಿ, "ಅಯ್ಯೋ, ಇದು ನಾನೇ ಕಣೇ! ಬೇರೆ ಫೋಟೋದಲ್ಲೆಲ್ಲ ಯಾರೋ ಇದ್ದ ಹಾಗಿರ್ತಿತ್ತು" ಎಂದಿದ್ದಳು. ಪಾಪ, ಹೌದಲ್ಲ. ಭಗವಂತ ಎಲ್ಲರಿಗೂ ಒಂದೊಂದು ಮುಖ ಕೊಟ್ಟ, ಅದನ್ನು ನೋಡುವ ಭಾಗ್ಯ ಮಾತ್ರ ಎದುರಿನವರಿಗೆ ಕೊಟ್ಟ. ನಮ್ಮ ಪಾಲಿಗೆ ಉಳಿದದ್ದು ಕನ್ನಡಿಯ ತಿರುವುಮುರುವು. ಅರವತ್ತು ದಾಟಿದವಳು ತನ್ನ ಗುರುತು ತಾನು ಹಿಡಿದದ್ದು ಆ ತಪ್ಪು ಪ್ರಿಂಟಿನಲ್ಲೇ.

ಚಿತ್ರಕಾರ ಪತ್ರಿಕೆಯವರ ನಡುವೆ ನಿಂತು ಮೆಲ್ಲಗೆ ಹೇಳುತ್ತಿದ್ದ: "ಈ ತಾಯಿ ಎಷ್ಟೋ ದಿನ ನನ್ನೆದುರು ಕೂತರು. ಮಾತಿಲ್ಲ ಕತೆಯಿಲ್ಲ. ಆ ಮೌನವನ್ನೇ ನಾನು ಬರೆದೆ."

ಫ್ಲ್ಯಾಶಮ್ಮನ ಮೈಗೆ ಬೆಂಕಿ ಬಿತ್ತು. ಅದಕ್ಕಿಂತ ಉರಿಸಿದ್ದು ಇನ್ನೊಂದು: ಚಿತ್ರ ಚೆನ್ನಾಗಿತ್ತು. ಕಣ್ಣಿನ ಮೂಲೆಯಲ್ಲಿ, ಇನ್ನೂ ಬೀಳದ, ಬೀಳಲೂ ಒಪ್ಪದ ಒಂದು ಹನಿ ತೇವವಿತ್ತು. ಅವಳ ಕ್ಯಾಮೆರಾಕ್ಕೆ ಅದು ದಕ್ಕಿರಲಿಲ್ಲ. ಕಳ್ಳನ ಕೈಗೂ ದೇವರು ಇಂಥ ಕಸುಬು ಕೊಡುತ್ತಾನಲ್ಲ!

"ಕೂತಿದ್ರಾ? ಎಲ್ಲಿ ಕೂತಿದ್ರು ಸ್ವಾಮಿ?" ಅವಳ ದನಿಗೆ ಸಭಾಂಗಣವೇ ತಿರುಗಿತು. "ಚಿಕ್ಕಮ್ಮಾ, ಬಾ ಇಲ್ಲಿ. ಇದರ ಪಕ್ಕ ನಿಲ್ಲು. ನೋಡಿ ಎಲ್ಲಾರೂ! ನಿಮ್ಮೆದುರು ಕೂತಿದ್ದವರ ಮಚ್ಚೆ ಗೋಡೆಗೆ ಹತ್ತೋ ಹೊತ್ತಿಗೆ ಆ ಕಡೆಯಿಂದ ಈ ಕಡೆಗೆ ನಡ್ಕೊಂಡು ಬಂತಾ? ನೆಗೆಟಿವ್ ಮಗುಚಿ ಇಟ್ಟೋಳು ನಾನು. ನನ್ನ ತಪ್ಪನ್ನೂ ಬಿಡದೆ ಕದ್ರಲ್ಲ! ನಿಮ್ಮ ಚಿತ್ರಾನ ಗೋಡೆಗೆ ಹಚ್ಚಿ ಪೂಜೆ ಮಾಡ್ದೆ ನಾನು, ನಿಮ್ಮನ್ನ!"

ಯಾರೋ ಕಿಸಕ್ಕೆಂದರು. ಚಿತ್ರಕಾರನ ಮುಖ ಬಿಳುಚಿತು. ಆದರೂ ಬಾಯಿ ಸೋಲಲಿಲ್ಲ.

"ಬೀದಿಗೆ ಮುಖ ಮಾಡಿ ಇಟ್ಟ ಫೋಟೋ ಅಮ್ಮಾ ಅದು. ದಾರಿಲಿ ಹೋಗೋನು ನೋಡ್ದೆ, ಬರೆದೆ. ಅಷ್ಟಕ್ಕೂ, ಷೋಕೇಸಿಗೆ ಹಾಕೋವಾಗ ನೀವು ಈ ತಾಯಿನ ಕೇಳಿದ್ರಾ?"

"ಅವಳು ನನ್ನ ಚಿಕ್ಕಮ್ಮ!"

"ಅದಲ್ಲ ನಾನು ಕೇಳಿದ್ದು."

ಅಷ್ಟರಲ್ಲಿ ಚಿಕ್ಕಮ್ಮ ಚಿತ್ರದಿಂದ ಕಣ್ಣು ಕೀಳದೆಯೇ ಹೇಳಿದಳು: "ನಮ್ಮ ಮನೆ ಮಾತು ನಾವು ಆಡ್ಕೋತೀವಿ. ನೀನು ನಿನ್ನ ಸುಳ್ಳು ಒರೆಸಪ್ಪ. ನಾನು ನಿನ್ನ ಮುಂದೆ ಕೂತಿರಲಿಲ್ಲ ಅಂತ ಇವರಿಗೆ ಹೇಳು."

ಒಗೆಯುವ ಕಲ್ಲಿನಂಥ ದನಿ. ಚಿತ್ರಕಾರ ನೆಲ ನೋಡುತ್ತ, "ಕೂತಿರಲಿಲ್ಲ. ಫೋಟೋ ನೋಡಿ ಬರೆದದ್ದು. ಫೋಟೋ ಇವರದ್ದು" ಎಂದ. ಪತ್ರಿಕೆಯವರು ಅದನ್ನೂ ಬರೆದುಕೊಂಡರು.

ಗೆದ್ದು ಬಂದರೂ ದಾರಿಯುದ್ದಕ್ಕೂ ಫ್ಲ್ಯಾಶಮ್ಮ ಕುದಿಯುತ್ತಲೇ ಇದ್ದಳು. "ಗೋಡೆ ಮೇಲಿರೋದನ್ನೆಲ್ಲ ಇವತ್ತೇ ಕಿತ್ತು ಒಲೆಗೆ ಹಾಕ್ತೀನಿ. ನಾಚಿಕೆ ಮಾನ ಇಲ್ಲ ಅವನಿಗೆ. ಒಂದು ಮಾತು ಕೇಳಿದ್ದಿದ್ರೆ ನಾನೇ ಕೊಡ್ತಿರಲಿಲ್ವಾ? ಕೇಳ್ಬೇಕು ಅಂತ ಗೊತ್ತಾಗಬಾರದಾ?"

ಸ್ಟುಡಿಯೋದ ಮುಂದೆ ಬಂದಾಗ ಚಿಕ್ಕಮ್ಮ ನಿಂತಳು.

"ಕಿತ್ತು ಹಾಕು. ಆಮೇಲೆ ನಿನ್ನನ್ನ ಎಲ್ಲಿಗೆ ಹಾಕೋದು?"

"ಏನು?"

"ಅವನು ನಿನ್ನ ಕೇಳಲಿಲ್ಲ ಅಂತ ಊರು ಒಟ್ಟು ಮಾಡ್ದೆ. ಆ ಫೋಟೋ ಕೊಡೇ ಅಂತ ನಾನು ಕೇಳಿ ಕೇಳಿ ನಾಲಿಗೆ ಸವೀತು. ನಾಳೆ ಕೊಡ್ತೀನಿ, ಇನ್ನೊಂದು ಪ್ರಿಂಟ್ ಹಾಕಿ ಕೊಡ್ತೀನಿ ಅಂತಾನೇ ಇದ್ದೆ ನೀನು. ನಿನ್ನ ನಾಳೆ ಇನ್ನೂ ಹುಟ್ಟೇ ಇಲ್ಲ. ಗಿರಾಕಿ ನೋಡಿದ್ರು, ದಾರಿಹೋಕರು ನೋಡಿದ್ರು. ನನ್ನ ಮುಖ ನೋಡೋಕೆ ನಾನು ತರಕಾರಿ ಚೀಲ ಹಿಡ್ಕೊಂಡು ಬೀದೀಲಿ ನಿಲ್ಲಬೇಕು. ಒಂದಿನ ಪಕ್ಕದ ಟೈಲರ್ ಕೇಳ್ದ, ಏನಮ್ಮಾ ಬಸ್ಸಿಗೆ ಕಾಯ್ತಿದೀರಾ ಅಂತ. ಹೂಂ ಅಂದೆ. ಏನನ್ನಲಿ?"

ಸಾಕಿದವಳು ಒಮ್ಮೆಯೂ ದನಿಯೆತ್ತಿದವಳಲ್ಲ. ಈಗ ಬೀದಿಗೇ ಕೇಳುವಂತೆ ಹೇಳಿಬಿಟ್ಟಿದ್ದಳು. ಫ್ಲ್ಯಾಶಮ್ಮ ಬಾಯಿ ತೆರೆದಳು. "ಅಂಗಡಿಗೆ ಗಿರಾಕಿ ಬರ್ತಿದ್ದದ್ದೇ ಅದನ್ನ ನೋಡಿ, ಚಿಕ್ಕಮ್ಮಾ..." ಎಂದಳು. ಚಿತ್ರಕಾರನ 'ಅದಲ್ಲ ನಾನು ಕೇಳಿದ್ದು' ಅವಳ ಕಿವಿಯಲ್ಲಿ ಮೊಳಗಿ, ಮಾತು ಅಲ್ಲಿಗೇ ನಿಂತಿತು. ಸಿಟ್ಟು ಹೋಗಲಿಲ್ಲ. ಎತ್ತ ತಿರುಗಲಿ ಎಂದು ತಿಳಿಯದೆ ಎದೆಯಲ್ಲೇ ಸುತ್ತು ಹಾಕಿ, ಕಡೆಗೆ ತನ್ನ ಮೇಲೇ ಬಂದು ಕೂತಿತು.

ಒಳಗೆ ಹೋಗಿ ಕತ್ತಲೆಕೋಣೆಯ ಬಾಗಿಲು ತೆರೆದಳು. ಗೋಡೆಯ ಚಿತ್ರಗಳು ಎಂದಿನಂತೆಯೇ ಇದ್ದವು. ಕಂಡಕ್ಟರನ ಕೆಳತುಟಿಯ ನೆರಳು ಈಗಲೂ ನಿಜವನ್ನೇ ಹೇಳುತ್ತಿತ್ತು. ಅದಕ್ಕೂ ಸಿಟ್ಟು ಬಂತು. ಆದರೆ ಕೈ ಹಾಕಲಿಲ್ಲ. ಚಿಕ್ಕಮ್ಮನ ಆ ನೆಗೆಟಿವ್ ಇದ್ದ ಲಕೋಟೆಯನ್ನು ಮಾತ್ರ ಹುಡುಕಿ ತೆಗೆದಳು.

ಷೋಕೇಸಿನ ಬೀಗ ತುಕ್ಕು ಹಿಡಿದಿತ್ತು, ಹಟ ಮಾಡಿತು. ಚೌಕಟ್ಟು ಸಮೇತ ಫೋಟೋ ಎತ್ತಿದಾಗ ಹಿಂದಿನ ಬಟ್ಟೆಯಲ್ಲಿ ಬಿಸಿಲು ಕಾಣದ ಚೌಕವೊಂದು ಹೊಸ ಬಣ್ಣದಲ್ಲಿ ಹಾಗೇ ಉಳಿದಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಚಿಕ್ಕಮ್ಮನ ಮಡಿಲಲ್ಲಿ ಅವಳು ಫೋಟೋ ಇಟ್ಟಳು, ಅದರ ಮೇಲೆ ಲಕೋಟೆ ಇಟ್ಟಳು. ಚಿಕ್ಕಮ್ಮ ಗೆರೆಯಿಲ್ಲದ ಬೆರಳುಗಳಿಂದ ಗಾಜಿನ ಧೂಳು ಒರೆಸತೊಡಗಿದಳು.