ಸೊಳ್ಳೆಯ ಕೈ

ಅವಳ ಹತ್ತಿರ ಒಂದು ಜೋಡಿಯೂ ಇರಲಿಲ್ಲ, ಕಳಾವರ್ ಎರಡು, ಆಟೀನ್ ಏಳು, ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಒಂದಕ್ಕೊಂದು ಸಂಬಂಧವಿಲ್ಲ, ಮೇಜಿನ ನಡುವೆ ಎಲ್ಲರಿಗೂ ಸೇರಿದ್ದಾಗಿ ಮಲಗಿದ ಎಕ್ಕ, ಗುಲಾಮ, ಒಂಬತ್ತು ಕೂಡ ಇವುಗಳ ಕಡೆ ತಿರುಗಿ ನೋಡುತ್ತಿಲ್ಲ, ಆದರೂ ಇಸ್ಪೀಟ್ ಎಲೆಯ ಮೂಲೆ ಮೇಜಿಗೆ ಟಕ್ ಟಕ್ ಅಂತ ಬಡಿಯುತ್ತಿದೆ, ಅಂದರೆ ಬಲಗೈ ಮತ್ತೆ ಶುರು ಮಾಡಿದೆ, ಹೆಬ್ಬೆರಳಿನಿಂದ ಅದುಮಿದಳು, ಅದುಮಿದಷ್ಟೂ ಜೋರಾಯಿತು. ಸೈಕಲ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಗುರುವಾರ ಸಂಜೆ ಪೋಕರ್ ಪಂದ್ಯ, ಮೂರು ಮೇಜು, ಗೆದ್ದವರಿಗೆ ಒಂದು ಫ್ಲಾಸ್ಕು, ಸೋತವರಿಗೆ ಕುರ್ಚಿ ಎತ್ತಿಡುವ ಕೆಲಸ, ಅಷ್ಟೇ, ಮನೇಲಿ ಗೋಡೆ ನೋಡ್ಕೊಂಡು ಏನ್ ಮಾಡ್ತೀಯ ಬಾರೇ ಅಂತ ಭಾವ ಎಳೆದುಕೊಂಡು ಬಂದಿದ್ದರು, ಮೊದಲ ಸುತ್ತಿಗೇ ಸೋತು ಎರಡು ಕುರ್ಚಿ ಎತ್ತಿಟ್ಟು ಹೊರಟುಬಿಡೋಣ ಅಂದುಕೊಂಡವಳು ಈಗ ಕೊನೆಯ ಮೇಜಿನಲ್ಲಿದ್ದಾಳೆ, ಎಂಟು ಜನರಲ್ಲಿ ಒಬ್ಬಳಾಗಿ, ಮುಂದೆ ಪಣಕ್ಕಿಡುವ ಬಿಲ್ಲೆಗಳ ಗೋಪುರ, ಹಿಂದೆ ಸೋತವರ ಉಸಿರು, ಎಲ್ಲರೂ ಕೈಗಳನ್ನೇ ನೋಡುತ್ತಿದ್ದಾರೆ, ಎಲೆ ಕವುಚಿರುವಾಗ ನೋಡಲು ಇನ್ನೇನಿದೆ, ಎದುರಿಗೆ ಲ್ಯಾಬಿನ ಮೇಡಂ, ಇವಳಿಗೆ ಕೆಲಸ ಕೊಟ್ಟವರು, ಅವರೂ ನೋಡುತ್ತಿದ್ದಾರೆ.

ಎಲ್ಲಾ ಆಗಿದ್ದು ಶಾಲೆಯ ಡ್ರಿಲ್ ಮೇಷ್ಟ್ರಿಂದ. ಮೂವತ್ತು ವರ್ಷ ಹುಡುಗರ ಮುಖ ನೋಡಿಯೇ ಸುಳ್ಳು ಹಿಡಿದವರಂತೆ, ಮೊದಲ ಸುತ್ತಿನಲ್ಲೇ ಅವಳ ಬೆರಳು ನೋಡಿ, ನೋಡ್ರಪ್ಪಾ, ನಮ್ಮ ಸೊಳ್ಳೆ ಕೈ ನಡುಗ್ತಿದೆ, ಹೊಸಬರಿಗೆ ಒಳ್ಳೇ ಎಲೆ ಬಿದ್ರೆ ಹೀಗೇ ಆಗೋದು, ಎಲೆ ಎಸೆದು ಬಿಟ್ಕೊಡಿ ಎಲ್ಲಾ ಅಂದರು, ಎಲ್ಲರೂ ಎಸೆದರು, ಅವಳ ಹತ್ತಿರ ಇದ್ದದ್ದು ಮೂರು ಮತ್ತು ಎಂಟು. ಅಲ್ಲಿಗೆ ಸಿಕ್ಕಿಬಿದ್ದಳು. ನಡುಗಿದರೆ ಒಳ್ಳೆಯ ಎಲೆ ಅಂತ ಇಡೀ ಕೋಣೆ ನಂಬಿದ ಮೇಲೆ, ನಡುಗುತ್ತಾ ಎಲೆ ಎಸೆದರೆ ಮತ್ಯಾಕೆ ನಡುಗಿದೆ ಅಂತ ಕೇಳುತ್ತಾರೆ, ಅದಕ್ಕೇ ನಡುಕ ಬಂದಾಗಲೆಲ್ಲ ಆಡಲೇಬೇಕು, ಬಿಲ್ಲೆ ಒಂದೊಂದೇ ಎಣಿಸಿಡಲು ಬೆರಳು ಮಾತು ಕೇಳುವುದಿಲ್ಲ, ಮುಂಗೈಯಿಂದ ಇಡೀ ಗೋಪುರವನ್ನೇ ನಡುವಿಗೆ ತಳ್ಳುವುದು, ಎಲ್ಲಾ ಅನ್ನುವುದು, ಅವರು ಹೆದರಿ ಎಸೆಯುವುದು, ಎಲೆ ತೋರಿಸದೆ ಗೆಲ್ಲುವುದು — ಗೆದ್ದಷ್ಟೂ ಬೆನ್ನಿನಲ್ಲಿ ಬೆವರು ಇಳಿಯುವುದು.

ಸೊಳ್ಳೆ ಅಂದರೆ ಬೈಗುಳವಲ್ಲ, ಬಿರುದು. ಏಳು ವರ್ಷದಿಂದ ರಕ್ತ ತೆಗೆಯುತ್ತಿದ್ದಾಳೆ, ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ ಕಣ್ರೀ, ಅವಳೇ ಬೇಕು ಅಂತ ಜನ ತಮ್ಮ ಟೋಕನ್ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಕಾಯುತ್ತಾರೆ, ಈ ಮೇಜಿನ ಏಳೂ ಜನರ ತೋಳು ಅವಳಿಗೆ ಬಾಯಿಪಾಠ, ಬೀಗ ರಿಪೇರಿಯವನ ನರ ಹಗ್ಗದಂಥದ್ದು, ಕಣ್ಣುಮುಚ್ಚಿ ಚುಚ್ಚಬಹುದು, ಮೇಷ್ಟ್ರದು ಸೂಜಿ ಕಂಡರೆ ಪಕ್ಕಕ್ಕೆ ಸರಿಯುತ್ತದೆ, ಶಿಸ್ತೇ ಇಲ್ಲ, ಮೇಡಂದು ನೂಲಿನ ಎಳೆ — ಈಗ ಆ ಎಳೆಯ ಮೇಲೆ ಸೂಜಿಯ ತುದಿ ಅಲ್ಲಾಡುತ್ತಿದೆ, ಕಣ್ಣೆದುರಿಗೇ, ಬೇಡ, ಯೋಚಿಸಬೇಡ. ನಡುಕ ಶುರುವಾಗಿ ಮೂರು ವಾರವಾಯಿತು, ಒಂದು ನರಪಿಳ್ಳೆಗೂ ಗೊತ್ತಿಲ್ಲ, ಮಣಿಕಟ್ಟನ್ನು ಬಂದವರ ತೋಳಿಗೇ ಒತ್ತಿ ಹಿಡಿದು, ಆ ಕಡೆ ಕ್ಯಾಲೆಂಡರ್ ನೋಡಿ, ಇವತ್ತು ಯಾವ ವಾರ ಹೇಳಿ ಅನ್ನುತ್ತಾಳೆ, ಅವರು ಹುಡುಕುವಷ್ಟರಲ್ಲಿ ಸೂಜಿ ಒಳಗಿರುತ್ತದೆ, ಇತ್ತ ನೋಡಬೇಡಿ ಅನ್ನುವುದೇ ಅವಳ ಕೆಲಸದಲ್ಲಿ ಅರ್ಧ. ಮೊನ್ನೆ ಒಂದು ಅಜ್ಜಿ ಕ್ಯಾಲೆಂಡರ್ ನೋಡಲಿಲ್ಲ, ಸೂಜಿಯನ್ನೇ ನೋಡಿತು, ತುದಿ ನರ ತಪ್ಪಿತು, ತೋಳು ನೀಲಿಗಟ್ಟಿತು, ಇರ್ಲಿ ಬಿಡಮ್ಮ, ನನ್ನ ಚರ್ಮಾನೇ ಹಾಗೆ ಅಂತ ಅಜ್ಜಿಯೇ ಸಮಾಧಾನ ಹೇಳಿತು, ಅವಳು ಶೌಚಾಲಯಕ್ಕೆ ಹೋಗಿ ಬಲಗೈಯನ್ನು ಎಡಗೈಯಿಂದ ಹೊಡೆದಳು, ನಾಯಿಯನ್ನು ಹೊಡೆದ ಹಾಗೆ. ಅಮ್ಮನಿಗೂ ಹೀಗೇ ಮೊದಲಾದದ್ದು, ತಟ್ಟೆಗೆ ಚಮಚ ಟಕ್ ಟಕ್, ಏನಮ್ಮಾ ಸಂಗೀತ ಅಂತ ಅಕ್ಕ ನಗುತ್ತಿದ್ದಳು, ವರ್ಷ ಕಳೆಯುವುದರಲ್ಲಿ ಲೋಟಕ್ಕೆ ಎರಡು ಕೈ, ಆಮೇಲೆ ತುತ್ತಿಗೆ ಅಕ್ಕನ ಕೈ —

ಏನೇ ಸೊಳ್ಳೆ, ನಿದ್ದೆ ಬಂತಾ, ನಿನ್ನ ಸರದಿ, ಅಂದರು ಮೇಷ್ಟ್ರು. ತಳ್ಳಿದಳು. ಎಲ್ಲಾ, ಅಂದಳು. ನಂಗೆ ಜೀವದ ಮೇಲೆ ಆಸೆ ಇದೆಯಪ್ಪಾ ಅಂತ ಮೇಷ್ಟ್ರು ಎಸೆದರು, ಬೀಗದವನು ಎಸೆದ, ನಾದಿನಿ ಅಂತ ಬಿಟ್ಟೆ ಅಂದುಕೊಂಡು ಭಾವ ಎಸೆದರು, ಒಬ್ಬೊಬ್ಬರಾಗಿ ಎಲ್ಲರೂ, ಮೇಡಂ ಮಾತ್ರ ಎಸೆಯಲಿಲ್ಲ. ಮೇಡಂ ಎಲೆ ನೋಡುತ್ತಿಲ್ಲ, ಬಿಲ್ಲೆ ನೋಡುತ್ತಿಲ್ಲ, ರಿಪೋರ್ಟಿನಲ್ಲಿ ತಪ್ಪಿದ ಅಂಕಿಯನ್ನು ನೋಡುವ ಹಾಗೆ ಅವಳ ಬೆರಳನ್ನೇ ನೋಡುತ್ತಿದ್ದಾರೆ, ಕ್ಯಾಲೆಂಡರ್ ನೋಡಿ ಮೇಡಂ ಅನ್ನೋಣವೆಂದರೆ ಈ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಕೂಡ ಇಲ್ಲ. ನಾನು ಆಡ್ತೀನಿ, ತೋರಿಸು, ಅಂದರು ಮೇಡಂ. ಅವರದು ಎರಡು ಗುಲಾಮ. ಇವಳದು ಎರಡು, ಏಳು. ಇನ್ನೆರಡು ಎಲೆ ಬಿದ್ದವು, ಏನೂ ಸೇರಲಿಲ್ಲ. ಕೋಣೆ ಬಿದ್ದು ಬಿದ್ದು ನಕ್ಕಿತು, ಅಯ್ಯೋ ಕಳ್ಳಿ, ಇದನ್ನಿಟ್ಕೊಂಡು ಇಷ್ಟೊತ್ತು ನಮ್ಮನ್ನ ಮಂಗ ಮಾಡಿದ್ಯಾ, ಏನು ನಟನೆ ಮಾರಾಯ್ತಿ, ಅಂದರು ಭಾವ, ಆ ಮಾತನ್ನು ಅವಳು ಬಾಚಿ ಹಿಡಿದುಕೊಂಡಳು, ಹೌದು, ನಟನೆ, ಮತ್ತೇನು ಅಂದ್ಕೊಂಡ್ರಿ ಅಂತ ನಕ್ಕಳೂ ಕೂಡ, ಬದುಕಿದೆ ಅನ್ನಿಸಿತು, ಒಂದು ಉಸಿರಿನಷ್ಟು ಹೊತ್ತು.

ಸರಿ ಸರಿ, ಸಾಕು, ಕೈ ಕುಣಿಸೋದು ನಿಲ್ಲಿಸಮ್ಮಾ, ನಿನ್ನ ಆಟ ಮುಗೀತು, ಅಂದರು ಮೇಷ್ಟ್ರು, ಇನ್ನೂ ನಗುತ್ತಲೇ. ನಿಲ್ಲು. ಕೈಯಲ್ಲಿ ಈಗ ಎಲೆ ಇಲ್ಲ, ಬಿಲ್ಲೆ ಇಲ್ಲ, ಬರಿಯ ಕೈ ಹಸಿರು ಬಟ್ಟೆಯ ಮೇಲೆ, ನಿಲ್ಲು ಅಂದರೆ ನಿಲ್ಲು, ಅದು ತನ್ನ ಪಾಡಿಗೆ ತಾನು, ಉಗುರು ಬಟ್ಟೆಯನ್ನು ಕೆರೆಯುತ್ತಾ, ಯಾರದೋ ಕೈಯ ಹಾಗೆ. ನಗು ಒಂದೊಂದು ಬಾಯಿಯಲ್ಲೇ ಆರಿತು. ಎಷ್ಟು ದಿನದಿಂದ, ಅಂದರು ಮೇಡಂ, ಮೆಲ್ಲಗೆ, ಬೈದಿದ್ದರೆ ವಾಸಿಯಿತ್ತು. ಮೇಷ್ಟ್ರು ಮಡಚಿದ್ದ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು, ತಾನು ಎಳೆದುಕೊಳ್ಳುತ್ತಿದ್ದೇನೆ ಅಂತ ಅವರಿಗೇ ಗೊತ್ತಿರಲಿಲ್ಲ, ಗುಂಡಿ ಹಾಕಿಕೊಂಡರು. ಆಮೇಲೆ ಬೀಗದವನು, ಗುಂಡಿ. ಭಾವನದು ಅರ್ಧ ತೋಳಿನ ಅಂಗಿ, ಕೈಕಟ್ಟಿಕೊಂಡರು. ಮೇಡಂ ಸೆರಗನ್ನು ಮೊಣಕೈವರೆಗೆ ಹೊದ್ದರು. ಆಚೆ ಇನ್ನೊಬ್ಬರು, ಗುಂಡಿ. ಮತ್ತೊಬ್ಬರು, ಗುಂಡಿ. ಮತ್ತೊಬ್ಬರು. ಏಳು ಜನ. ಹದಿನಾಲ್ಕು ತೋಳು.