ಗಂಜಿ ಹಾಕಿದ ಗುಳಿಗಿ

ನಾ ಹುಟ್ಟಾ ಸಿಟ್ಟಿನಾಕಿ. ಆದರ ಆವತ್ತಿನ ಸಿಟ್ಟೆಲ್ಲಾ ನನ್ನ ಮ್ಯಾಲನ ಇತ್ತು.

೨೦೦೭ರ ಮಾತು. ಗಜೇಂದ್ರಗಡದ ಒಂದು ಕಾಲೇಜಿನ್ಯಾಗ ಪಿಎಚ್.ಡಿ. ಮಾಡತಿದ್ದೆ. ಸುಣ್ಣದ ಭಟ್ಟಿ ಹೊಗಿಯೊಳಗಿಂದ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡಿಗೆ ಹೈಡ್ರೋಜನ್ ಕೂಡಿಸಿ, ಬಿಸಿ ನಳಿಗಿಯೊಳಗ ಹಾಯಿಸಿ ಮೆಥನಾಲ್ ಮಾಡೋದು ನನ್ನ ಕೆಲಸ. ಅದಕ್ಕ ಬೇಕಾದ ವೇಗವರ್ಧಕ, ಅಂದರ ತಾಮ್ರ-ಸತುವಿನ ಪುಡಿ, ನಾನ ತಯಾರ ಮಾಡಿದ್ದೆ. ಹಾಳಾದ್ದು ಗುಳಿಗಿ ಕಟ್ಟವಲ್ದು, ಉದುರಿ ಹೋಗತಿತ್ತು. ನೇಕಾರರ ಮಗಳಲ್ಲೇನ ನಾನು? ನಮ್ಮವ್ವ ವೀರವ್ವ ಸೀರಿ ನೂಲಿಗೆ ಹಚ್ಚೋ ಗಂಜಿ ಒಂದ ವಾಟಗಾ, ಬಟ್ಟಲ ತುಂಬ, ಒಯ್ದು ಕಲಸಿದೆ. ಗುಳಿಗಿ ಗಟ್ಟಿಯಾದವು. ಮೆಥನಾಲೂ ಬಂತು! ಅವ್ವ ಓಣಿ ತುಂಬ ಹೇಳಿಕೋತ ತಿರುಗಿದಳು: "ನನ್ನ ಗಂಜಿಲೇ ಬನಶ್ರೀ ಹೊಗಿ ಪಳಗಿಸ್ಯಾಳ."

ಪರೀಕ್ಷಕರು ಬರೋ ದಿನ ಮುಂಜಾನೆ ಗುಳಿಗಿ ನಳಿಗಿಗೆ ಹಾಕೋವಾಗ ಕೈ ಅಲ್ಲೇ ನಿಲ್ಲಿಸಿದೆ. ಗಂಜಿಯೊಳಗೂ ಇಂಗಾಲ ಐತೆಲ್ಲಾ! ಬಿಸಿಗೆ ಅದು ಒಡದು ಮೆಥನಾಲ್ ಆಗಿದ್ದರ? ಮೂರು ವರ್ಷದಾಗ ಒಮ್ಮೆನೂ ಇದು ತಲಿಗೆ ಹೊಳದಿರಲಿಲ್ಲ.

ಗೈಡ್ ಅರ್ಜುನಪ್ಪ ಸರ್‌ಗೆ ಹೇಳಿದೆ.

"ಸುಮ್ನಿರವಾ, ಯಾರೂ ಕೇಳಂಗಿಲ್ಲ. ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಮಾಡತಿಯೇನ?"

"ಕೇಳದಿದ್ದರ ಖೊಟ್ಟಿ ಖರೇ ಆಗತೈತೇನ್ರಿ?" ಅಂದೆ.

ಪರೀಕ್ಷಕಿ ಹುಸ್ನಾ ಮೇಡಂ ಧಾರವಾಡದಿಂದ ಬಂದು ಕುಂತರು. ಅವರ ಕಣ್ಣಮುಂದನ ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಬಂದ್ ಮಾಡಿದೆ. ಬರೇ ಹೈಡ್ರೋಜನ್ ಬಿಟ್ಟೆ. ಮೆಥನಾಲ್ ಬಂದರ ಪರದೆ ಮ್ಯಾಲಿನ ಗೆರಿ ಏಳತೈತಿ; ಇನ್ನ ಅದು ಏಳಬಾರದು. ಎದ್ದರ ನನ್ನ ಪದವಿ ಹೋತು.

ಹತ್ತು ನಿಮಿಷ. ಗೆರಿ ಸಪಾಟ. ಹನ್ನೆರಡು. ಸಪಾಟ. ಯವ್ವಾ, ಹಿಂಗ ಇರಲಿ ಅಂತ ಸೆರಗಿನ ತುದಿ ಹಿಂಡಿದೆ. ಅರ್ಜುನಪ್ಪ ಸರ್ ಕಿಟಕಿ ಕಡೆ ಮುಖ ಮಾಡಿದ್ದರು.

ಹದಿನಾಲ್ಕಕ್ಕ ಗೆರಿ ಎದ್ದು ನಿಂತಿತು.

"ಇದು ಹೊಗಿಯಿಂದ ಬಂದದ್ದಲ್ರಿ ಮೇಡಂ. ನಾ ಕಲಸಿದ ಗಂಜಿಯಿಂದ ಬಂದದ್ದು."

ಮಧ್ಯಾಹ್ನ ಗಂಜಿ ಇಲ್ಲದ ಪುಡಿ ಹಾಕಿ, ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಮತ್ತ ಚಾಲೂ ಮಾಡಿ ನೋಡಿದ್ವಿ. ಗೆರಿ ಅಲುಗಾಡಲಿಲ್ಲ. ಮೇಡಂ ನನ್ನ ಪ್ರಬಂಧ ವಾಪಸ್ ಕೊಟ್ಟರು. "ಮೊದಲಿಂದ ಮಾಡಬೇಕಾಗತೈತಿ ತಂಗಿ" ಅಂದರು. ಶೌಚಾಲಯಕ್ಕ ಹೋಗಿ ಬಾಯಿಗೆ ಸೆರಗು ತುರುಕಿ ಅತ್ತೆ.

ಸಂಜಿಮುಂದ ಮನಿಗೆ ಬಂದಾಗ ಅವ್ವ ಮಗ್ಗದಿಂದ ಎದ್ದಳು. ನನ್ನ ಮಾರಿ ನೋಡಿ ಆಕಿ ಮಾರಿನೂ ಸಣ್ಣದಾತು.

"ನನ್ನ ಗಂಜಿಯಿಂದೇನರ ಕೆಟ್ಟಿತೇನ?"

"ಇಲ್ಲಬೇ, ಗಂಜಿ ಚಲೋನ ಇತ್ತು. ನನ್ನ ಪುಡಿನ ಕೆಲಸಕ್ಕ ಬರಲಿಲ್ಲ."

ಅವ್ವ ಉಸಿರು ಬಿಟ್ಟಳು. "ಅಷ್ಟ ಅಲ್ಲೇನ? ಬ್ಯಾರೆ ಪುಡಿ ಮಾಡು. ನಾ ನಾಳೆ ಇನ್ನೊಂದ ವಾಟಗಾ ಕಾಸಿ ಕೊಡತೀನಿ."

"ಕೊಡಬೇ" ಅಂದೆ.