ಮೇಡಂ ತಂದ ಮೇಕೆ

ನನ್ನ ತಂಗಿ ಎರ್ಮೆಲಿಂಡಾ ಸೂತಕದ ಕಪ್ಪು ಬಟ್ಟೆ ತೆಗೆಯುವ ದಿನ ಗೊತ್ತಾಗಿತ್ತು. ಬರುವ ಶನಿವಾರ. ಅವಳ ಗಂಡ ಅಕಿಲಿನೊ ಜ್ವರದಲ್ಲಿ ಹೋಗಿ ವರ್ಷ ತುಂಬಿತ್ತು. ವರ್ಷ ತುಂಬಿದ ಮೇಲೆ ಗಂಡನ ಮನೆಯವರಿಗೆ ಊಟ ಹಾಕಬೇಕು. ಸತ್ತವನ ಬಲೆ ಬಿದ್ದ ನೀರಿನ ಮೀನು ಆ ಊಟದಲ್ಲಿ ಇರಬೇಕು. ಆಮೇಲೇ ಅತ್ತೆ ಮುಂದೆ ನಿಂತು ಸೊಸೆಯ ಕಪ್ಪು ತೆಗೆಸುವುದು. ಆಚೆ ದಡದ ರಾಜಧಾನಿ ದಿಲಿಯ ಪೇಟೆಯ ಮೀನು, ಆಚೆ ಕಡಲಿನ ಮೀನು ಇದಕ್ಕೆ ನಡೆಯುವುದಿಲ್ಲ. ನಮ್ಮ ದ್ವೀಪದಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡಿದ್ದಿಲ್ಲ.

ಅಕಿಲಿನೊ ಬಲೆ ಬೀಸುತ್ತಿದ್ದದ್ದು ಊರ ಮುಂದಿನ ಹವಳದ ದಿಬ್ಬದಲ್ಲಿ. ಆ ದಿಬ್ಬಕ್ಕೆ ಎರಡು ವರ್ಷದಿಂದ ಸೊಪ್ಪು ಕಟ್ಟಿತ್ತು. ದಡದ ಕಂಬಕ್ಕೆ ಸೊಪ್ಪು ಕಟ್ಟಿ, ಮೇಕೆ ಕಡಿದು, ಹಿರಿಯರ ಹೆಸರು ಕೂಗಿದರೆ ಮುಗಿಯಿತು. ಎರಡು ವರ್ಷ ಅಲ್ಲಿಯ ಒಂದು ಸಿಗಡಿಯನ್ನೂ ಯಾರೂ ಮುಟ್ಟುವಂತಿಲ್ಲ. ಅಜ್ಜಂದಿರ ಕಾಲದಿಂದ ಇದ್ದದ್ದೇ ಇದು. ಹತ್ತು ದೇಶಗಳು ಕೂಡಿ ನಡೆಸುವ ಸುಸ್ಥಿರ ಅಭಿವೃದ್ಧಿಯ ಯೋಜನೆಯವರು ಬಂದು ನೋಡಿ, ತಾವೇ ಕಂಡುಹಿಡಿದವರ ಹಾಗೆ ಸಂಭ್ರಮಪಟ್ಟರು. ಪಡಲಿ ಬಿಡಿ, ಮೀನಂತೂ ಹೆಚ್ಚಿತ್ತು. ದಡದಲ್ಲಿ ನಿಂತರೆ ನೀರಿನೊಳಗೆ ಗಿಳಿಮೀನುಗಳ ನೀಲಿ ಬೆನ್ನು ಕಾಣುತ್ತಿತ್ತು. ಶನಿವಾರ ಬೆಳಿಗ್ಗೆ ಸೊಪ್ಪು ಬಿಚ್ಚುವುದು, ಸಂಜೆಗೆ ತಂಗಿಯ ಮನೆಯಲ್ಲಿ ಊಟ ಎಂದು ಎಲ್ಲ ತೀರ್ಮಾನವಾಗಿತ್ತು.

ಅಷ್ಟರಲ್ಲಿ ಯೋಜನೆಯ ಹುಡುಗ ಒಸೊರಿಯೊ ದಿಲಿಯಿಂದ ಬಂದ. ನಮ್ಮ ಕಡೆಯವನೇ, ಒಳ್ಳೆಯವನೇ. ಊರಿನ ಕಟ್ಟುಕಟ್ಟಳೆ ನಡೆಸುವ, ಸೊಪ್ಪು ಕಟ್ಟುವ ಅಧಿಕಾರವೂ ಇದ್ದ ಯಜಮಾನ ಕಯೆತಾನೊ ಅಜ್ಜನ ಜಗಲಿಯಲ್ಲಿ ಕೂತು ವಿಷಯ ತೆಗೆದ.

"ಅಜ್ಜಾ, ಬುಧವಾರ ಹತ್ತೂ ದೇಶದೋರು ಬರ್ತಿದಾರೆ. ಸೊಪ್ಪು ಕಟ್ಟೋದು ಹೇಗೆ ಅಂತ ಒಂದ್ಸಲ ತೋರಿಸಿಬಿಡಿ, ಸಾಕು."

"ಶನಿವಾರ ಬಿಚ್ಚಬೇಕಾದ್ದನ್ನ ಬುಧವಾರ ಕಟ್ಟೋದೇನೋ? ತಲೆ ನೆಟ್ಟಗಿದೆ ತಾನೆ?"

"ಸುಮ್ನೆ ಅಜ್ಜಾ, ನಾಟಕದ ಥರ. ಎಲ್ಲಾ ದೇಶಗಳೂ ಗುರಿ ಮುಟ್ಟೋದ್ರಲ್ಲಿ ಹಿಂದೆ ಬಿದ್ದಿವೆಯಂತೆ. ಇದನ್ನ ನೋಡಿ ಕಲಿತು ವೇಗ ಹೆಚ್ಚಿಸ್ಕೋತಾರಂತೆ."

"ನಮ್ ಕಂಬಕ್ಕೆ ಸೊಪ್ಪು ಕಟ್ಟಿದ್ರೆ ಅವರ ದೇಶ ಓಡುತ್ತಾ?" ಎಂದೆ ನಾನು.

"ನಗಬೇಡ ಜುವಿತಕ್ಕಾ. ಅವರು ಖುಷಿಯಾದ್ರೆ ನಮ್ಮೂರಿಗೆ ನೀರಿನ ಪೈಪ್ ಬರುತ್ತೆ."

ನನ್ನ ನಗು ನಿಂತಿತು. ಕುಡಿಯುವ ನೀರಿಗೆ ನಾವು ಗುಡ್ಡ ಹತ್ತುವವರು. ಅಜ್ಜ ಬಾಯಲ್ಲಿದ್ದ ಅಡಿಕೆ ಉಗಿದು ಹೇಳಿದ:

"ಮೇಕೆ ಬೇಡ. ಹೆಸರು ಕೂಗಲ್ಲ. ರಕ್ತ ಬೀಳದಿದ್ರೆ ಅದು ಬರೀ ಸೊಪ್ಪು, ದನ ಬಂದು ತಿಂದ್ಕೊಂಡು ಹೋಗ್ಲಿ."

ಶನಿವಾರದ ಮೀನಿಗೆ ಅಡ್ಡಿಯಿಲ್ಲವೆಂದು ಎರ್ಮೆಲಿಂಡಾಳಿಗೆ ನಿರಾಳವಾಯಿತು. ಅವಳು ಊರಿನ ಹಾಡುಗಾರ್ತಿ. ಮದುವೆಯಿರಲಿ, ಹೊಸ ಮನೆಯಿರಲಿ, ಮೊದಲ ಸೊಲ್ಲು ಅವಳದೇ. ಕಪ್ಪು ಉಟ್ಟವಳು ಹಾಡುವಂತಿಲ್ಲವಾದ್ದರಿಂದ ಒಂದು ವರ್ಷ ಬಾಯಿ ಕಟ್ಟಿಕೊಂಡು ಎಲ್ಲದರ ಹಿಂದೆ ಕೂತಿದ್ದಳು. ಕಪ್ಪು ರವಿಕೆ ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆಯಲ್ಲಿ ಹಳದಿ ರವಿಕೆ ಹೊಲಿದಿಟ್ಟು, ದಿನಕ್ಕೊಮ್ಮೆ ತೆರೆದು ನೋಡಿ ಮುಚ್ಚುತ್ತಿದ್ದಳು.

"ಅಕ್ಕಾ, ನನ್ ದನಿ ತುಕ್ಕು ಹಿಡಿದಿದ್ರೆ ಏನ್ಮಾಡ್ಲಿ?"

"ಹಿಡಿದಿದ್ರೆ ನಮ್ ಕಿವಿಗೆ ಒಳ್ಳೇದೇ ಆಯ್ತು ಬಿಡು," ಎಂದೆ. ಬೆನ್ನಿಗೊಂದು ಗುದ್ದಿದಳು.

ಬುಧವಾರ ದೋಣಿ ಬಂತು. ಅವರ ಮುಖ್ಯಸ್ಥೆ ಬಿಳಿಕೂದಲಿನ ಎತ್ತರದ ಹೆಂಗಸು. ಯಾರ ಕೈಯನ್ನೂ ಹಿಡಿಯದೆ, ಮೊಣಕಾಲುದ್ದ ನೀರಿಗೆ ತಾನೇ ಇಳಿದಳು. ಅವಳ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲಿ ಬಿಳಿಯ ಹೋತ.

ಒಸೊರಿಯೊ ಅವಳ ಮಾತನ್ನು ನಮಗೆ ತಿರುಗಿಸಿ ಹೇಳಿದ. ಮೇಕೆಯಿಲ್ಲದೆ ಈ ಕ್ರಿಯೆ ಪೂರ್ತಿಯಾಗದೆಂದು ಅವಳು ಓದಿದ್ದಳಂತೆ. ಬೇರೆಯವರು ಬಂದು ಹಳ್ಳಿಯವರಿಂದ ಸುಳ್ಳು ನಾಟಕ ಆಡಿಸುವುದನ್ನು ಬಹಳ ಕಡೆ ನೋಡಿದ್ದಾಳಂತೆ. ನಮ್ಮನ್ನು ಹಾಗೆ ಅವಮಾನಿಸಲು ಮನಸ್ಸು ಬಾರದೆ ಸ್ವಂತ ದುಡ್ಡಿನಲ್ಲಿ ಕೊಂಡು ತಂದಳಂತೆ. ಹೇಳುತ್ತಲೇ ನೇರ ಹೋಗಿ ಹೋತವನ್ನು ಕಂಬಕ್ಕೆ ಕಟ್ಟಿದಳು.

ಬೇರೆ ಎಲ್ಲಿ ಕಟ್ಟಿದ್ದರೂ ಮಧ್ಯಾಹ್ನದ ಸಾರಿಗೆ ಆಗುತ್ತಿತ್ತು. ಆ ಕಂಬಕ್ಕೆ ಕಟ್ಟಿದ ಪ್ರಾಣಿ ಹಿರಿಯರದ್ದು, ಕಡಿದು ಅವರ ಹೆಸರು ಕೂಗಲೇಬೇಕು. ಅದನ್ನು ಬಿಚ್ಚಿ ತಂದವರು ನಮ್ಮಲ್ಲಿ ಯಾರೂ ಇಲ್ಲ. ಅವಳು ಗಂಟು ಹಾಕುವಾಗ ಊರಿಗೆ ಊರೇ ಸುತ್ತ ನಿಂತಿತ್ತು. ಯಾರಾದರೂ ತಡೆಯಬಹುದಿತ್ತು ಅನ್ನುವಿರಿ. ಮನೆಗೆ ಬಂದವರ ಕೈ ಹಿಡಿದು ತಡೆಯುವ ರೂಢಿ ನಮ್ಮಲ್ಲಿಲ್ಲ. ಕೆಟ್ಟವಳಾಗಿದ್ದರೆ ಬೈದು ಓಡಿಸುತ್ತಿದ್ದೆವು. ಅಷ್ಟು ಗೌರವ ಕೊಟ್ಟು ಕೊರಳು ಕೊಯ್ಯುವವರಿಗೆ ಏನು ಮಾಡುವುದೋ ನನಗೆ ಇವತ್ತಿಗೂ ತಿಳಿಯದು.

ಕಯೆತಾನೊ ಅಜ್ಜ ನನ್ನ ತಂಗಿಯತ್ತ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಕತ್ತಿ ತನ್ನಿ," ಎಂದ ಅಜ್ಜ.

ಸೊಪ್ಪು ಕಟ್ಟಿಯಾಯಿತು. ರಕ್ತ ಮರಳಿಗೆ ಬಿತ್ತು. ಅಜ್ಜ ಒಬ್ಬೊಬ್ಬರಾಗಿ ಹಿರಿಯರನ್ನು ಕರೆದ, ಈ ನೀರನ್ನು ಎರಡು ವರ್ಷ ಕಾಯಿರಿ ಎಂದ. ಹಿಂದಿನ ಸಲ ಸೊಪ್ಪು ಕಟ್ಟಿದ ಮೇಲೆ ಸತ್ತವರನ್ನು ಕೊನೆಯಲ್ಲಿ ಸೇರಿಸಬೇಕು. ಅಜ್ಜ ಕೂಗಿದ:

"ಅಕಿಲಿನೊ!"

ಎರ್ಮೆಲಿಂಡಾಳ ಬಾಯಿಂದ ಸಣ್ಣದೊಂದು ಸದ್ದು ಬಂತು. ಅವಳ ಗಂಡನನ್ನೇ ಅವಳ ಮೀನಿಗೆ ಕಾವಲು ಹಾಕಿದ್ದರು.

ಮೇಡಂ ಕಣ್ಣೊರೆಸಿಕೊಂಡಳು. ಎರಡು ವರ್ಷ ಮುಗಿಯುವ ಮುಂಚೆಯೇ ಮತ್ತೆರಡು ವರ್ಷಕ್ಕೆ ಒಪ್ಪಿದ ಇಂಥ ಊರು ಎಲ್ಲೂ ಇಲ್ಲ, ಜಗತ್ತಿಗೆ ಬೇಕಾದ ವೇಗ ಇದೇ ಎಂದು ಭಾಷಣ ಮಾಡಿದಳು. ಹತ್ತೂ ದೇಶದವರು ಚಪ್ಪಾಳೆ ತಟ್ಟಿದರು.

ಒಸೊರಿಯೊ ಅಜ್ಜನ ಹತ್ತಿರ ಬಂದು ಪಿಸುಗುಟ್ಟಿದ. "ಅಜ್ಜಾ, ನಾನು ಅವರಿಗೆ ನಿಜ ಹೇಳಿಬಿಡ್ಲಾ?"

"ಹೇಳಿದ್ರೆ ಆಯಮ್ಮ ಅಳ್ತಾಳೆ. ಕಟ್ಟಿದ ದಿಬ್ಬ ತೆರೆಯುತ್ತಾ?"

"ಇಲ್ವಾ?"

"ನನ್ ಕೈಲಿದ್ರೆ ಕಟ್ತಾನೇ ಇರ್ಲಿಲ್ವಲ್ಲೋ, ಮಗನೇ."

ಹೊರಡುವಾಗ ಮೇಡಂ ನನ್ನ ತಂಗಿಯ ಮುಂದೆ ನಿಂತಳು. ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ತಟ್ಟಿಸಿಕೊಂಡವಳು ಇವಳು ಎಂದು ಅವಳಿಗೆ ಅನಿಸಿತ್ತಂತೆ. ಎರಡೂ ಕೈ ಹಿಡಿದುಕೊಂಡು, ನಿನಗೇನು ಬೇಕು ಹೇಳು ಎಂದಳು. ಒಸೊರಿಯೊ ತಲೆ ತಗ್ಗಿಸಿಕೊಂಡೇ ಅದನ್ನು ನಮ್ಮ ಮಾತಿನಲ್ಲಿ ಹೇಳಿದ.

ಎರ್ಮೆಲಿಂಡಾ ಅವಳ ಮುಖವನ್ನೇ ನೋಡಿದಳು. ಪಾಪ, ಎಂಥ ಒಳ್ಳೆಯ ಮುಖ ಅದು.

"ಮೇಕೆ ಬಾಳ ಚೆನ್ನಾಗಿತ್ತು ಅನ್ನು," ಎಂದಳು.

ದೋಣಿ ಹೋಯಿತು. ಪೈಪಿನ ಮಾತು ಯಾರೂ ಎತ್ತಲಿಲ್ಲ. ಕಡಲು ಇಳಿದಿತ್ತು, ದಿಬ್ಬದಲ್ಲಿ ಗಿಳಿಮೀನುಗಳು ಹವಳ ಕಚ್ಚುವ ಸದ್ದು ದಡದವರೆಗೆ ಕೇಳುತ್ತಿತ್ತು. ನಾನು ತಂಗಿಯ ಮನೆಗೆ ಹೋದಾಗ ಅವಳು ಹಿತ್ತಿಲಲ್ಲಿ ಒಲೆ ಹೊತ್ತಿಸಿ, ದೊಡ್ಡ ಗಡಿಗೆಯಲ್ಲಿ ಕಪ್ಪು ಬಣ್ಣ ಬಿಡುವ ಎಲೆ ಬೇಯಿಸುತ್ತಿದ್ದಳು. ಪಕ್ಕದಲ್ಲಿ ಕರಿ ಕೆಸರು ಕಲಸಿಟ್ಟಿತ್ತು. ಮಾಸಿದ ರವಿಕೆ ತೊಡೆಯ ಮೇಲಿತ್ತು.

ಬೈಯಬೇಕೆಂದು ಹೋಗಿದ್ದೆ. ಯಾರನ್ನು ಎಂದು ತಿಳಿಯದೆ ಸುಮ್ಮನೆ ಕೋಲು ತೆಗೆದುಕೊಂಡು ಗಡಿಗೆ ತಿರುವತೊಡಗಿದೆ.

"ಇನ್ನೊಂದು ಹಿಡಿ ಎಲೆ ಹಾಕಕ್ಕಾ," ಎಂದಳು. "ಈ ಸಲ ಎರಡು ವರ್ಷ ತಡೀಬೇಕು."